ಬದು ಬಂತು, ಬೆಳೆ ಏಕೆ ಬರಲಿಲ್ಲ? ಮಣ್ಣಿನ ಸವಕಳಿ ಕುರಿತು ಓದುಗರ ಪ್ರಶ್ನೆಗಳು

ಮಳೆಗಾಲ ಮುಗಿಯುವ ಹೊತ್ತಿಗೆ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಸಾಮಾನ್ಯವಾಗಿ ರೋಗ ಮತ್ತು ಕೀಟಗಳದೇ ಮೇಲುಗೈ. ಈ ಸಲ ಕೊಚ್ಚಿಹೋದ ಮಣ್ಣಿನ ಬಗ್ಗೆ ಬರೆದವರೇ ಹೆಚ್ಚು. ಊರು, ಬೆಳೆ, ಮಣ್ಣು ಬೇರೆಬೇರೆಯಾದರೂ ಬಹುತೇಕರ ಸಂಶಯ ಒಂದೇ: ಮಣ್ಣು ಉಳಿಸಲು ಪಟ್ಟ ಶ್ರಮ ಚೀಲದ ಲೆಕ್ಕದಲ್ಲಿ ಕಾಣುತ್ತದೆಯೇ? ಸಿಂದಗಿಯ ಓದುಗರ ಪತ್ರದಲ್ಲಿ ಈ ಸಂಶಯ ಅತ್ಯಂತ ತೀಕ್ಷ್ಣವಾಗಿ ಬಂದಿರುವುದರಿಂದ ಅದನ್ನೇ ಮೊದಲು ಎತ್ತಿಕೊಂಡಿದ್ದೇನೆ.

ಪ್ರಶ್ನೆ: ನಮ್ಮದು ಎಂಟು ಎಕರೆ ಆಳವಾದ ಎರೆ (ಕಪ್ಪು ಜೇಡಿಮಣ್ಣಿನ) ಹೊಲ, ಹೆಚ್ಚುಕಡಿಮೆ ಚೌಕಾಕಾರದ್ದು. ಮೂರು ವರ್ಷಗಳ ಹಿಂದೆ ಯೋಜನೆಯೊಂದರ ಅಡಿಯಲ್ಲಿ ಯಂತ್ರ ತಂದು ಇಳಿಜಾರಿಗೆ ಅಡ್ಡಲಾಗಿ ನಾಲ್ಕು ಬದು ಹಾಕಿಕೊಟ್ಟರು. ಈಗ ಪ್ರತಿ ಬದುವಿನ ಮೇಲ್ಮಗ್ಗುಲಲ್ಲಿ ಇಪ್ಪತ್ತು ಅಡಿ ಅಗಲಕ್ಕೆ ವಾರಗಟ್ಟಲೆ ನೀರು ನಿಂತು ತೊಗರಿ ಹಳದಿಯಾಗಿ ಸಾಯುತ್ತದೆ. ಎರಡು ಕಡೆ ಬದು ಒಡೆದು, ಮೊದಲಿಲ್ಲದ ಕೊರಕಲು ಬಿದ್ದಿದೆ. ಒಳ್ಳೆಯ ವರ್ಷಕ್ಕೆ ಎಕರೆಗೆ ಏಳು ಚೀಲ ಬರುತ್ತಿದ್ದ ತೊಗರಿ ಆರಕ್ಕೆ ಇಳಿದಿದೆ. ಬದು ಕಿತ್ತುಹಾಕಲೇ?
(ಓದುಗರು, ಸಿಂದಗಿ ತಾಲ್ಲೂಕು)

ಉತ್ತರ: ಕೀಳಬೇಡಿ. ಆದರೆ ಈಗಿರುವ ರೂಪದಲ್ಲಿ ಇನ್ನೊಂದು ಮಳೆಗಾಲಕ್ಕೆ ಅದನ್ನು ಬಿಡಲೂಬೇಡಿ.

ಮೊದಲು ನಿಮ್ಮ ಒಂದು ಚೀಲ ಎಲ್ಲಿ ಹೋಯಿತೆಂದು ನೋಡೋಣ. ಎಂಟು ಎಕರೆಯ ಚೌಕ ಹೊಲದ ಒಂದು ಮಗ್ಗುಲು ಸುಮಾರು 590 ಅಡಿ ಇರುತ್ತದೆ. ಅಷ್ಟುದ್ದದ ನಾಲ್ಕು ಬದುಗಳ ಹಿಂದೆ 20 ಅಡಿ ಅಗಲಕ್ಕೆ ನೀರು ನಿಂತರೆ ಮುಳುಗುವ ನೆಲ 47,000 ಚದರ ಅಡಿಗೂ ಮಿಕ್ಕು, ಅಂದರೆ ಒಂದು ಎಕರೆಗಿಂತ ಹೆಚ್ಚು. ಎಂಟರಲ್ಲಿ ಒಂದು ಎಕರೆಯ ಬೆಳೆ ಸತ್ತಾಗ ಏಳು ಚೀಲದ ಸರಾಸರಿ ಆರಕ್ಕೆ ಇಳಿಯುವುದು ಬರಿಯ ಅಂಕಗಣಿತ. ಉಳಿದ ಏಳು ಎಕರೆಯಲ್ಲಿ ನಿಮ್ಮ ಬೆಳೆ ಮೊದಲಿನಷ್ಟೇ ಬಂದಿದೆ ಎಂಬುದನ್ನು ಗಮನಿಸಿ. ಬದುವಿನಿಂದ ಹೊಲ ಕೆಟ್ಟಿಲ್ಲ. ನಿಂತ ನೀರಿಗೆ ದಾರಿಯಿಲ್ಲದೆ ಹೊಲದ ಒಂದು ಪಾಲು ಕೆಟ್ಟಿದೆ.

ಬದು ಮಾಡುವುದು ಎರಡು ಕೆಲಸ. ಹರಿಯುವ ನೀರಿನ ಓಟವನ್ನು ತಡೆದು ಅದರಲ್ಲಿರುವ ಮಣ್ಣು ಅಲ್ಲೇ ತಂಗುವಂತೆ ಮಾಡುವುದು ಒಂದು, ತಡೆದ ನೀರನ್ನು ಇಂಗಿಸುವುದು ಇನ್ನೊಂದು. ಮಸಾರಿಯಲ್ಲಿ, ಅಂದರೆ ಕೆಂಪು ಮಣ್ಣಿನಲ್ಲಿ, ಎರಡೂ ಒಟ್ಟಿಗೆ ನಡೆಯುತ್ತವೆ, ಏಕೆಂದರೆ ಅಲ್ಲಿ ನಿಂತ ನೀರು ಒಂದೆರಡು ದಿನದಲ್ಲಿ ಇಂಗಿಹೋಗುತ್ತದೆ. ಎರೆಯ ಸ್ವಭಾವ ಬೇರೆ. ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಅಗಲಕ್ಕೆ ಬಿರಿದ ಎರೆ ಭೂಮಿ ಮೊದಲ ಮಳೆಗಳನ್ನು ಬಿರುಕುಗಳ ಮೂಲಕ ಗಟಗಟನೆ ಕುಡಿಯುತ್ತದೆ. ಒಮ್ಮೆ ಜೇಡಿ ಉಬ್ಬಿ ಬಿರುಕು ಮುಚ್ಚಿಕೊಂಡಿತೆಂದರೆ ಅದರೊಳಗೆ ಗಂಟೆಗೆ ಒಂದು ಮಿಲಿಮೀಟರ್ ನೀರೂ ಇಳಿಯುವುದಿಲ್ಲ. ಆಮೇಲೆ ಬದುವಿನ ಹಿಂದೆ ನಿಂತ ನೀರು ಹೋಗಬೇಕಾದುದು ಬಿಸಿಲಿಗೆ ಆರಿಯೇ. ಅಷ್ಟರಲ್ಲಿ ಗಾಳಿಯಿಲ್ಲದೆ ಬೇರು ಉಸಿರುಗಟ್ಟಿ ತೊಗರಿ ಸತ್ತಿರುತ್ತದೆ. ಬದು ಒಡೆಯುವುದಕ್ಕೂ ಕಾರಣ ಇದೇ ಮಣ್ಣು. ಹೊಲ ಬಿರಿದಂತೆ ಅದೇ ಎರೆಯಿಂದ ಕಟ್ಟಿದ ಬದುವೂ ಬಿರಿಯುತ್ತದೆ, ಮುಂದಿನ ದೊಡ್ಡ ಮಳೆಯಲ್ಲಿ ಆ ಬಿರುಕೇ ನೀರಿನ ಸುರಂಗವಾಗುತ್ತದೆ.

ಇದು ಹೊಸ ಪಾಠವಲ್ಲ. ಒಣ ಬೇಸಾಯದ ಸಂಶೋಧನೆ ಸೊಲ್ಲಾಪುರದ ಜೊತೆಗೆ ವಿಜಯಪುರದಲ್ಲಿ ಆರಂಭವಾದದ್ದು 1933ರಲ್ಲಿ. 1942ರ ಮುಂಬಯಿ ಭೂ ಸುಧಾರಣಾ ಯೋಜನೆಗಳ ಕಾಯಿದೆ ಬಂದ ಮೇಲೆ ಈ ಭಾಗದಲ್ಲಿ ಸಮಪಾತಳಿ ಬದು ಹಾಕುವುದು ಸರ್ಕಾರಿ ಕಾರ್ಯಕ್ರಮವಾಯಿತು. ಸಮಪಾತಳಿ ಬದು ಎಂದರೆ ಉದ್ದಕ್ಕೂ ಒಂದೇ ಮಟ್ಟದಲ್ಲಿ ಸಾಗಿ ನೀರನ್ನು ಪೂರ್ತಿ ತಡೆದು ನಿಲ್ಲಿಸುವ ಬದು. ಮಸಾರಿಯಲ್ಲಿ ಅದು ಒಳ್ಳೆಯ ಹೆಸರು ಪಡೆಯಿತು. ಆಳವಾದ ಎರೆಯಲ್ಲಿ ನೀರು ನಿಲ್ಲುವುದು, ಬದು ಒಡೆಯುವುದು ಮತ್ತೆ ಮತ್ತೆ ಕಂಡುಬಂತು. 1954ರಲ್ಲಿ ಬಳ್ಳಾರಿಯಲ್ಲಿ ಆರಂಭವಾದ ಮಣ್ಣು ಸಂರಕ್ಷಣಾ ಸಂಶೋಧನಾ ಕೇಂದ್ರ ಎರೆ ಭೂಮಿಗೆಂದೇ ಬೇರೆ ವಿಧಾನಗಳನ್ನು ಪರೀಕ್ಷಿಸುತ್ತ ಬಂದಿದೆ. ಎರೆಗೆ ಈಗ ಶಿಫಾರಸು ಮಾಡುವುದು ಓಟದ ಬದುವನ್ನು. ಅದು ನೀರನ್ನು ನಿಲ್ಲಿಸುವುದಿಲ್ಲ, ನಿಧಾನವಾಗಿ ಪಕ್ಕಕ್ಕೆ ನಡೆಸುತ್ತದೆ. ಎಂಬತ್ತು ವರ್ಷದ ಅನುಭವ ಕೈಯಲ್ಲಿದ್ದೂ ಎರೆ ಹೊಲಕ್ಕೆ ಮಸಾರಿಯ ಬದುವನ್ನು ಹಾಕಿ ಹೋಗುವವರು ಇನ್ನೂ ಇದ್ದಾರೆಂದರೆ, ಅವರು ಅಳೆಯುವುದು ಎಷ್ಟು ಮೀಟರ್ ಬದು ಹಾಕಿದೆವೆಂಬುದನ್ನು ಮಾತ್ರ ಎಂದು ನನಗೆ ಅನ್ನಿಸುತ್ತದೆ.

ನೀವು ಮಾಡಬೇಕಾದ ತಿದ್ದುಪಡಿ ದೊಡ್ಡದಲ್ಲ. ಗಾರೆ ಮೇಸ್ತ್ರಿಗಳು ಗೋಡೆಯ ಮಟ್ಟ ನೋಡಲು ಬಳಸುವ ಪಾರದರ್ಶಕ ಪೈಪನ್ನು ಒಂದು ದಿನಕ್ಕೆ ತನ್ನಿ. ಅದರಲ್ಲಿ ನೀರು ತುಂಬಿ, ಗಾಳಿಗುಳ್ಳೆ ಇಲ್ಲವೆಂದು ಖಚಿತಪಡಿಸಿಕೊಂಡು, ಎರಡು ತುದಿಗಳನ್ನು ಅಳತೆ ಗುರುತು ಹಾಕಿದ ಎರಡು ಕೋಲುಗಳಿಗೆ ಕಟ್ಟಿ, ಬದುವಿನ ಮೇಲ್ಮಗ್ಗುಲಲ್ಲಿ ಹತ್ತು ಹತ್ತು ಮೀಟರಿಗೆ ಎರಡೂ ಕೋಲಿನ ನೀರಿನ ಮಟ್ಟವನ್ನು ಹೋಲಿಸುತ್ತ ಸಾಗಿರಿ. ನೀರು ಹೊರಬೀಳಬೇಕಾದ ಕಡೆಗೆ ಹತ್ತು ಮೀಟರಿಗೆ ಎರಡರಿಂದ ನಾಲ್ಕು ಸೆಂಟಿಮೀಟರ್ ಇಳಿತ ಸಿಗುವಂತೆ ಬದುವಿನ ಗುಂಟ ಆಳವಿಲ್ಲದ, ಅಗಲವಾದ ಕಾಲುವೆ ತೆಗೆಯಿರಿ. ಇದಕ್ಕಿಂತ ಇಳಿತ ಹೆಚ್ಚಾದರೆ ಕಾಲುವೆಯೇ ಕೊರೆಯತೊಡಗುತ್ತದೆ, ಇಳಿತವೇ ಇಲ್ಲದಿದ್ದರೆ ನೀರು ನಿಲ್ಲುತ್ತದೆ. ತುದಿಯಲ್ಲಿ ಕಲ್ಲು ಹಾಸಿದ ಕೋಡಿ ಇರಲಿ. ಅಲ್ಲಿಂದ ಹಳ್ಳದವರೆಗೆ ನೀರು ಇಳಿಯುವ ಪಟ್ಟಿಯನ್ನು ಉಳದೆ ಹುಲ್ಲು ಬೆಳೆಯಲು ಬಿಡಿ. ಆ ನೀರು ಪಕ್ಕದವರ ಹೊಲದ ಮೂಲಕವೇ ಹೋಗಬೇಕಾಗಿದ್ದರೆ ಕೆಲಸಕ್ಕೆ ಮುಂಚೆಯೇ ಅವರೊಡನೆ ಕುಳಿತು ಮಾತಾಡಿ. ನಾನು ಕಂಡ ಬದುವಿನ ಜಗಳಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕೋಡಿಯ ಜಗಳಗಳೇ. ಒಡೆದ ಎರಡು ಕಡೆಗಳನ್ನು ಬರಿಯ ಎರೆಯಿಂದ ತುಂಬಬೇಡಿ. ಗರಸು (ನುರುಜುಗಲ್ಲಿನ ಮಣ್ಣು) ಬೆರೆಸಿ, ಪದರಪದರವಾಗಿ ತುಳಿದು ಗಟ್ಟಿ ಮಾಡಿ.

ಹೊಲದಲ್ಲಿ ಹಿಂಗಾರಿ ಜೋಳವನ್ನೂ ಬೆಳೆಯುವುದಾದರೆ ಬದುಗಳ ನಡುವೆ ಚೌಕು ಮಡಿ ಮಾಡುವುದು ನಿಮ್ಮ ಭಾಗಕ್ಕೆ ಹೇಳಿ ಮಾಡಿಸಿದ ಕ್ರಮ. ಜುಲೈ ಹೊತ್ತಿಗೆ ಖಾಲಿ ಹೊಲವನ್ನು ಮೂರು ನಾಲ್ಕು ಮೀಟರಿನ ಚೌಕಗಳಾಗಿ ಗೇಣು ಎತ್ತರದ ಸಣ್ಣ ಬದುಗಳಿಂದ ಕಟ್ಟಿಬಿಟ್ಟರೆ, ಬಿದ್ದ ಮಳೆ ಒಂದು ಕಡೆ ರಾಶಿಯಾಗದೆ ಬಿದ್ದಲ್ಲೇ ತೆಳುವಾಗಿ ಹರಡಿ ನಿಲ್ಲುತ್ತದೆ, ಬಿರುಕು ಮುಚ್ಚುವ ಮೊದಲೇ ಆಳಕ್ಕೆ ಇಳಿಯಲು ಅವಕಾಶ ಸಿಗುತ್ತದೆ. ಉತ್ತರೆ, ಹಸ್ತ ಮಳೆಯ ಹೊತ್ತಿಗೆ ಕುಂಟೆ ಹೊಡೆದು ಮಡಿಗಳನ್ನು ಸಮ ಮಾಡಿ ಬಿತ್ತಬಹುದು. ವರ್ಷಕ್ಕೆ 600 ಮಿಲಿಮೀಟರಿನ ಆಸುಪಾಸಿನ ಮಳೆಯಲ್ಲಿ, ಅದೂ ಸೆಪ್ಟೆಂಬರಿನಲ್ಲೇ ಹೆಚ್ಚು ಸುರಿಯುವ ಸೀಮೆಯಲ್ಲಿ, ಚಳಿಗಾಲದ ಜೋಳ ಬದುಕುವುದು ಹೀಗೆ ನೆಲದೊಳಗೆ ಕೂಡಿಟ್ಟ ನೀರಿನ ಮೇಲೆಯೇ. ಮಳೆ ಚೆನ್ನಾಗಿ ಬಂದ ವರ್ಷ ಚೌಕು ಮಡಿಯ ಹೊಲಕ್ಕೂ ಪಕ್ಕದ ಹೊಲಕ್ಕೂ ದೊಡ್ಡ ಅಂತರ ಕಾಣದು. ಅಂತರ ಕಾಣುವುದು ಮಳೆ ಬೇಗನೆ ಕೈಕೊಟ್ಟ ವರ್ಷದಲ್ಲಿ.

ಪ್ರಶ್ನೆ: ಎರಡು ಎಕರೆ ಮಸಾರಿಯಲ್ಲಿ ಗೋವಿನಜೋಳ ಬೆಳೆಯುತ್ತೇನೆ. ಪ್ರತಿ ವರ್ಷ ಸ್ವಲ್ಪ ಮಣ್ಣು ಹೋಗುವುದು ನಿಜ, ಆದರೆ ಗೊಬ್ಬರ ಸರಿಯಾಗಿ ಹಾಕಿದರೆ ಇಳುವರಿ ಇಳಿದಿಲ್ಲ. ಸವಕಳಿಯ ಬಗ್ಗೆ ಇಷ್ಟೊಂದು ಚಿಂತೆ ಅಗತ್ಯವೇ?
(ಓದುಗರು, ರಾಣೆಬೆನ್ನೂರು ತಾಲ್ಲೂಕು)

ಉತ್ತರ: ಇಳುವರಿ ಇಳಿದಿಲ್ಲವೆಂದಿದ್ದೀರಿ, ಗೊಬ್ಬರದ ಚೀಲಗಳು ಹತ್ತು ವರ್ಷದ ಹಿಂದೆ ಎಷ್ಟಿದ್ದವೆಂದು ಬರೆದಿಲ್ಲ. ಸವಕಳಿಯ ನಷ್ಟವನ್ನು ಗೊಬ್ಬರ ಕೆಲವು ಕಾಲ ಮುಚ್ಚಿಡುತ್ತದೆ. ಹೀಗಾಗಿ ಇಳುವರಿ ಕುಸಿಯುವ ಬಹಳ ಮೊದಲೇ ಆ ನಷ್ಟ ಖರ್ಚಿನ ರೂಪದಲ್ಲಿ ಬಂದಿರುತ್ತದೆ.

ಒಂದು ಎಕರೆಯಲ್ಲಿ ಒಂದು ಮಿಲಿಮೀಟರ್ ದಪ್ಪದ ಮಣ್ಣು ಹೋದರೆ ಅದರ ತೂಕ ಸುಮಾರು ಐದು ಟನ್. ಒಂದು ಮಿಲಿಮೀಟರ್ ಕಣ್ಣಿಗೆ ಕಾಣುವ ಅಳತೆಯಲ್ಲ, ಆದ್ದರಿಂದಲೇ ‘ಸ್ವಲ್ಪ ಮಣ್ಣು’ ಎನ್ನುವ ಮಾತು ಬರುತ್ತದೆ. 1983ರಲ್ಲಿ ಪ್ರಕಟವಾದ, ಇಂದಿಗೂ ಬಳಕೆಯಲ್ಲಿರುವ ಅಂದಾಜಿನ ಪ್ರಕಾರ ನಮ್ಮ ದೇಶದ ಸರಾಸರಿ ಸವಕಳಿ ಹೆಕ್ಟೇರಿಗೆ ವರ್ಷಕ್ಕೆ 16 ಟನ್ನಿಗೂ ಹೆಚ್ಚು, ಅಂದರೆ ಎಕರೆಗೆ ಆರೂವರೆ ಟನ್. ಹೋಗುವುದು ಎಲ್ಲ ಮಣ್ಣೂ ಸಮನಾಗಿ ಅಲ್ಲ. ನೀರು ಆರಿಸಿ ಒಯ್ಯುವುದು ಹಗುರವಾದ ಸಾವಯವ ಅಂಶವನ್ನು ಮತ್ತು ನಯವಾದ ಕಣಗಳನ್ನು, ಪೋಷಕಾಂಶ ಅಂಟಿಕೊಂಡಿರುವುದು ಅವುಗಳಿಗೇ. ಉಳಿಯುವುದು ಮರಳು, ನುರುಜು.

ಮುಂದಿನ ಸಲ ಜೋರು ಮಳೆ ನಿಂತ ಮೇಲೆ, ಹೊಲಕ್ಕೆ ಇನ್ನೂ ಎಡೆಕುಂಟೆ ಹೊಡೆಯದಿರುವಾಗ, ಸಾಲುಗಳ ನಡುವೆ ಕುಕ್ಕರುಗಾಲಿನಲ್ಲಿ ಕುಳಿತು ನೋಡಿ. ಸಣ್ಣ ಕಲ್ಲಿನ ಹರಳುಗಳು ಮಣ್ಣಿನ ಪುಟ್ಟ ಕಂಬಗಳ ಮೇಲೆ ಕೊಡೆ ಹಿಡಿದಂತೆ ನಿಂತಿರುತ್ತವೆ. ಹರಳಿನ ಅಡಿಯ ಮಣ್ಣು ಹನಿಯ ಪೆಟ್ಟಿನಿಂದ ಪಾರಾಗಿದೆ, ಸುತ್ತಲಿನದು ಹೋಗಿದೆ. ಬೆಂಕಿಕಡ್ಡಿಯಿಂದ ಆ ಕಂಬದ ಎತ್ತರ ಅಳೆಯಿರಿ: ಐದು ಮಿಲಿಮೀಟರ್ ಇದ್ದರೆ ಬರಿಯಾಗಿದ್ದ ಆ ಜಾಗದಿಂದ ಎಕರೆಗೆ 25 ಟನ್ನಿನ ದರದಲ್ಲಿ ಮಣ್ಣು ಕದಲಿದೆ. ಅದರಲ್ಲಿ ಒಂದಷ್ಟು ನಿಮ್ಮ ಹೊಲದ ತಗ್ಗಿನಲ್ಲೇ ಸಿಗಬಹುದು, ಮಿಕ್ಕದ್ದು ಹೊಲ ದಾಟಿರುತ್ತದೆ.

ಗೊಬ್ಬರದಿಂದ ತುಂಬಿಕೊಡಲಾಗದ ನಷ್ಟ ಇನ್ನೊಂದಿದೆ, ಅದು ಮಣ್ಣಿನ ಆಳ. ಮರಳುಮಿಶ್ರಿತ ಕೆಂಪು ಮಣ್ಣು ಹತ್ತು ಸೆಂಟಿಮೀಟರ್ ಆಳಕ್ಕೆ ಬೆಳೆಗೆ ದಕ್ಕುವ ನೀರನ್ನು ಸುಮಾರು 10 ಮಿಲಿಮೀಟರಿನಷ್ಟು ಹಿಡಿದಿಡುತ್ತದೆ. ಬೆಳೆದು ನಿಂತ ಗೋವಿನಜೋಳಕ್ಕೆ ಅದು ಎರಡು ದಿನದ ನೀರು. ಎರಡು ದಿನವೇನು ಮಹಾ ಎನ್ನಿಸಬಹುದು. ಸೂಲಂಗಿ ಹೊರಬಂದು ತೆನೆಯಲ್ಲಿ ರೇಷ್ಮೆಯಂಥ ಎಳೆ ಬಿಡುವ ಹೊತ್ತಿಗೆ ಮಳೆ ಹನ್ನೆರಡು ದಿನ ತಡವಾದಾಗ, ಹತ್ತು ದಿನ ತಾಳುವ ನೆಲಕ್ಕೂ ಹನ್ನೆರಡು ದಿನ ತಾಳುವ ನೆಲಕ್ಕೂ ಇರುವ ಅಂತರ ತೆನೆಯಲ್ಲಿ ಕಾಳು ಕಟ್ಟುವುದಕ್ಕೂ ಜೊಳ್ಳಾಗುವುದಕ್ಕೂ ಇರುವ ಅಂತರವೇ. ಅಡಿಯಲ್ಲಿ ಗರಸು ಬೇಗನೆ ಸಿಗುವ ಮಸಾರಿಯಲ್ಲಿ ಹೋದ ಆಳವನ್ನು ನಿಮ್ಮ ಜೀವಮಾನದಲ್ಲಿ ಮತ್ತೆ ಪಡೆಯಲಾಗುವುದಿಲ್ಲ.

ಹೊಲ ದಾಟಿದ ಮಣ್ಣು ಎಲ್ಲಿಗೆ ಹೋಗುತ್ತದೆ ಎಂಬುದಕ್ಕೆ ನಿಮ್ಮೂರಿನವರು ದೂರ ಹುಡುಕಬೇಕಿಲ್ಲ. ನಿಮ್ಮ ಹಳ್ಳಗಳು ಸೇರುವ ತುಂಗಭದ್ರೆಯ ಜಲಾಶಯ 1953ರಲ್ಲಿ ಸುಮಾರು 133 ಟಿಎಂಸಿ ಅಡಿ ನೀರು ಹಿಡಿಯುತ್ತಿತ್ತು. ಈಗ ಲೆಕ್ಕಕ್ಕೆ ಹಿಡಿಯುವ ಸಾಮರ್ಥ್ಯ 106 ಟಿಎಂಸಿ ಅಡಿಗೂ ತುಸು ಕಡಿಮೆ. ನಡುವಿನ ಜಾಗದಲ್ಲಿ ಹೂಳಿದೆ. ಅದೆಲ್ಲವೂ ಹೊಲದ ಮಣ್ಣೇ ಎನ್ನಲಾಗದು, ಹೊಲದ ಪಾಲಂತೂ ಅದರಲ್ಲಿದೆ.

ಮಸಾರಿಯಲ್ಲಿ ಸಮಪಾತಳಿ ಬದು ಧಾರಾಳವಾಗಿ ಹಾಕಬಹುದು. ನೂರಕ್ಕೆ ಎರಡರಷ್ಟು ಇಳಿಜಾರಿದ್ದರೆ ಸುಮಾರು 40 ಮೀಟರಿಗೊಂದು, ಮೂರರಷ್ಟಿದ್ದರೆ 30 ಮೀಟರಿಗೊಂದು ಸಾಕು. ಬದುವಿಗಿಂತ ಮೊದಲು, ಒಂದು ಪೈಸೆಯೂ ಖರ್ಚಿಲ್ಲದೆ ಮಾಡಬೇಕಾದುದು ಕೂರಿಗೆಯ ದಿಕ್ಕು ಬದಲಿಸುವುದು. ಹೊಲ ಉದ್ದವಾಗಿರುವ ಕಡೆಗೆ ಬಿತ್ತಿದರೆ ತಿರುವು ಕಡಿಮೆ, ಕೆಲಸ ಬೇಗ, ನಿಜ. ಆದರೆ ಆ ಉದ್ದ ಇಳಿಜಾರಿನ ಗುಂಟ ಇದ್ದರೆ ಪ್ರತಿ ಸಾಲೂ ಒಂದು ಕಾಲುವೆ. ಇಂಥ ಮೆಲು ಇಳಿಜಾರಿನಲ್ಲಿ ಅಡ್ಡಲಾಗಿ ಉತ್ತು ಬಿತ್ತುವುದೊಂದರಿಂದಲೇ ಸವಕಳಿ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ.

ಪ್ರಶ್ನೆ: ಉಳುಮೆಯನ್ನೇ ಬಿಟ್ಟರೆ ಮಣ್ಣೂ ಉಳಿಯುತ್ತದೆ, ಇಳುವರಿಯೂ ಹೆಚ್ಚುತ್ತದೆ ಎಂದು ವಿಡಿಯೊಗಳಲ್ಲಿ ಹೇಳುತ್ತಾರೆ. ನಾವು ಸೋಯಾ, ಕಡಲೆ, ಒಂದಷ್ಟು ಕಬ್ಬು ಬೆಳೆಯುವವರು. ಇದು ನಿಜವೇ?
(ಓದುಗರು, ಬೈಲಹೊಂಗಲ ತಾಲ್ಲೂಕು)

ಉತ್ತರ: ಮಣ್ಣಿನ ವಿಷಯದಲ್ಲಿ ಬಹುಪಾಲು ನಿಜ, ಇಳುವರಿಯ ವಿಷಯದಲ್ಲಿ ಅರ್ಧ ನಿಜ. 63 ದೇಶಗಳ 48 ಬೆಳೆಗಳ ಪ್ರಯೋಗಗಳನ್ನು ಒಟ್ಟುಗೂಡಿಸಿ 2015ರಲ್ಲಿ ಪ್ರಕಟವಾದ ದೊಡ್ಡ ವಿಶ್ಲೇಷಣೆಯೊಂದರಲ್ಲಿ, ಉಳುಮೆ ಬಿಟ್ಟ ಹೊಲಗಳ ಇಳುವರಿ ಸರಾಸರಿ ಶೇಕಡಾ 5.7ರಷ್ಟು ಕಡಿಮೆಯೇ ಇತ್ತು. ಬೆಳೆಯ ಉಳಿಕೆಯನ್ನು ನೆಲದ ಮೇಲೆ ಬಿಟ್ಟು, ಬೆಳೆ ಬದಲಾವಣೆಯನ್ನೂ ಮಾಡಿದ ಮಳೆಯಾಶ್ರಿತ ಒಣ ಪ್ರದೇಶಗಳಲ್ಲಿ ಮಾತ್ರ ಇಳುವರಿ ಶೇಕಡಾ 7.3ರಷ್ಟು ಹೆಚ್ಚಿತ್ತು. ವಿಡಿಯೊಗಳು ಎರಡನೆಯ ಅಂಕಿಯನ್ನು ಹೇಳುತ್ತವೆ, ಅದಕ್ಕಿರುವ ಷರತ್ತುಗಳನ್ನು ಹೇಳುವುದಿಲ್ಲ.

ಷರತ್ತುಗಳಲ್ಲಿ ಮುಖ್ಯವಾದುದು ಹೊದಿಕೆ. ದಪ್ಪ ಮಳೆಹನಿ ನೆಲ ಮುಟ್ಟುವಾಗ ಸೆಕೆಂಡಿಗೆ ಒಂಬತ್ತು ಮೀಟರ್ ವೇಗದಲ್ಲಿರುತ್ತದೆ. ಬರಿ ನೆಲದ ಮೇಲೆ ಬಿದ್ದರೆ ಹೆಂಟೆ ಒಡೆದು, ಸಿಡಿದ ನಯ ಮಣ್ಣು ರಂಧ್ರಗಳನ್ನು ಮುಚ್ಚಿ ನೆಲ ಹೆಪ್ಪುಗಟ್ಟುತ್ತದೆ. ನೆಲದ ಮೂರನೆಯ ಒಂದು ಪಾಲು ಕಸಕಡ್ಡಿಯಿಂದ ಮುಚ್ಚಿದ್ದರೂ ಸಾಕು, ಸವಕಳಿ ಅರ್ಧಕ್ಕಿಂತ ಕೆಳಗೆ ಬರುತ್ತದೆ. ಆದರೆ ನಮ್ಮಲ್ಲಿ ಜೋಳದ ಕಣಿಕೆಯನ್ನು ಹೊಲಕ್ಕೆ ಬಿಡಿ ಎಂದು ದನ ಕಟ್ಟಿದವರಿಗೆ ಹೇಳುವ ಧೈರ್ಯ ನನಗಿಲ್ಲ. ದನ ತಿನ್ನದ್ದನ್ನಾದರೂ ಬಿಡಿ. ಸೋಯಾ ಹೊಟ್ಟನ್ನು, ತೊಗರಿಯ ಎಲೆಯುದುರನ್ನು, ಎಲ್ಲಕ್ಕಿಂತ ಮುಖ್ಯವಾಗಿ ಕಬ್ಬಿನ ರವದಿಯನ್ನು (ಒಣಗಿದ ಸೋಗೆಯನ್ನು) ಸುಡಬೇಡಿ. ಕೂಳೆ ಕಬ್ಬಿನಲ್ಲಿ ಸಾಲು ಬಿಟ್ಟು ಸಾಲಿಗೆ ರವದಿ ಹರಡಿ. ಹೊದಿಕೆ ಸಿಗದೇ ಹೋದರೆ ಉಳುಮೆ ಬಿಡುವ ಸಾಹಸ ಬೇಡ. ಹೊದಿಕೆಯೂ ಇಲ್ಲದೆ, ಮೇಲ್ಪದರ ಸಡಿಲಿಸುವುದೂ ಇಲ್ಲದೆ ಹೆಪ್ಪುಗಟ್ಟಿದ ನೆಲದಲ್ಲಿ ನೀರು ಹೆಚ್ಚು ಓಡುತ್ತದೆಯೇ ಹೊರತು ಇಂಗುವುದಿಲ್ಲ.

ಪ್ರಶ್ನೆ: ಮಣ್ಣು ಸಂರಕ್ಷಣೆಯಿಂದ ಇಳುವರಿ ಹೆಚ್ಚುತ್ತದೆ ಎಂಬುದಕ್ಕೆ ಒಂದೆರಡು ವರ್ಷದ್ದಲ್ಲ, ದೀರ್ಘ ಕಾಲದ ಪುರಾವೆ ನಮ್ಮ ಪರಿಸರದಲ್ಲಿ ಇದೆಯೇ?
(ಕೃಷಿ ವಿದ್ಯಾರ್ಥಿನಿ, ಧಾರವಾಡ)

ಉತ್ತರ: ಹೈದರಾಬಾದಿನ ಬಳಿಯ ಪಟಾಣ್‌ಚೆರುವಿನಲ್ಲಿರುವ ಇಕ್ರಿಸ್ಯಾಟ್ ಎಂಬ ಅಂತರರಾಷ್ಟ್ರೀಯ ಕೃಷಿ ಸಂಶೋಧನಾ ಸಂಸ್ಥೆಯ ಎರೆ ಹೊಲಗಳಲ್ಲಿ 1976ರಲ್ಲಿ ಆರಂಭವಾದ ಪ್ರಯೋಗ ದಶಕಗಳ ಕಾಲ ನಡೆದಿದೆ. ಒಂದು ಕಡೆ ಸಂಪ್ರದಾಯದಂತೆ ಮುಂಗಾರಿನಲ್ಲಿ ಹೊಲ ಖಾಲಿ ಬಿಟ್ಟು ಹಿಂಗಾರಿನಲ್ಲಿ ಜೋಳ ಅಥವಾ ಕಡಲೆ. ಇನ್ನೊಂದು ಕಡೆ ಮೆಲು ಇಳಿತವಿರುವ ಅಗಲ ಏರುಮಡಿ (ಎತ್ತರಿಸಿದ ಮಡಿ) ಮತ್ತು ಅವುಗಳ ನಡುವೆ ನೀರು ಹರಿಯುವ ಹರಿಗಳಿರುವ ಹೊಲದಲ್ಲಿ ಮುಂಗಾರಿನಿಂದಲೇ ಜೋಳ ಮತ್ತು ತೊಗರಿಯ ಮಿಶ್ರ ಬೆಳೆ, ಜೊತೆಗೆ ಸುಧಾರಿತ ತಳಿ ಮತ್ತು ಪೋಷಕಾಂಶ. ಎರಡನೆಯದರಲ್ಲಿ ಎಕರೆಗೆ ಸರಾಸರಿ 20 ಕ್ವಿಂಟಲಿನ ಆಸುಪಾಸು ಧಾನ್ಯ ಬಂದರೆ, ಮೊದಲನೆಯದರಲ್ಲಿ ನಾಲ್ಕು ಕ್ವಿಂಟಲಿನಷ್ಟು. ಮಣ್ಣಿನ ನಷ್ಟ ಸಾಂಪ್ರದಾಯಿಕ ಹೊಲದಲ್ಲಿ ಹೆಕ್ಟೇರಿಗೆ ವರ್ಷಕ್ಕೆ ಆರು ಟನ್ನಿಗೂ ಹೆಚ್ಚು, ಸುಧಾರಿತ ಹೊಲದಲ್ಲಿ ಎರಡು ಟನ್ನಿಗೂ ಕಡಿಮೆ.

ಈ ಐದು ಪಟ್ಟನ್ನು ಉಲ್ಲೇಖಿಸುವಾಗ ಎಚ್ಚರವಿರಲಿ. ಅದು ಏರುಮಡಿಯೊಂದರ ಫಲವಲ್ಲ. ಎರಡು ಬೆಳೆ, ತಳಿ, ಗೊಬ್ಬರ, ಮುಂಗಾರಿನ ಹೊದಿಕೆ ಎಲ್ಲವೂ ಅದರಲ್ಲಿ ಸೇರಿವೆ. ಏರುಮಡಿ ಮಾಡಿದ್ದು ಒಂದನ್ನು: ಮಳೆಗಾಲದಲ್ಲಿ ಜವುಗಾಗುತ್ತಿದ್ದ ಎರೆಯಿಂದ ಹೆಚ್ಚುವರಿ ನೀರನ್ನು ಹೊರಹಾಕಿ, ಮುಂಗಾರಿನಲ್ಲಿ ಬಿತ್ತಲು ಸಾಧ್ಯವಾಗಿಸಿತು. ಬಿತ್ತಿದ್ದರಿಂದ ಮಳೆ ಸುರಿಯುವಾಗ ನೆಲ ಬೆಳೆಯ ಅಡಿಯಲ್ಲಿತ್ತು, ಅದರಿಂದ ಮಣ್ಣು ಉಳಿಯಿತು. ಇಲ್ಲಿ ಇಳುವರಿ ಹೆಚ್ಚಿದ್ದೂ ಮಣ್ಣು ಉಳಿಯಲು ಒಂದು ಕಾರಣ ಎಂಬುದನ್ನು ಪಠ್ಯಪುಸ್ತಕಗಳು ಅಷ್ಟಾಗಿ ಒತ್ತಿ ಹೇಳುವುದಿಲ್ಲ. ನಿಮ್ಮ ಪ್ರಬಂಧದಲ್ಲಿ ನೀವು ಹೇಳಿ.

ಪ್ರಶ್ನೆ: ಶುಂಠಿಯ ಮಡಿಗಳನ್ನು ಇಳಿಜಾರಿನ ಗುಂಟವೇ ಮಾಡದಿದ್ದರೆ ಗೆಡ್ಡೆ ಕೊಳೆಯುತ್ತದೆ ಎನ್ನುತ್ತಾರೆ. ಹಾಗೆ ಮಾಡಿದರೆ ಮಣ್ಣೆಲ್ಲ ಕೆಳಗಿನ ಗದ್ದೆಗೆ ಇಳಿಯುತ್ತದೆ. ದಾರಿ ಏನು?
(ಓದುಗರು, ಸೊರಬ ತಾಲ್ಲೂಕು)

ಉತ್ತರ: ಕೊಳೆ ರೋಗಕ್ಕೆ ಬೇಕಾದುದು ಬುಡದಲ್ಲಿ ನಿಂತ ನೀರು. ಅದನ್ನು ತಪ್ಪಿಸಲು ನೀರು ಓಡಬೇಕಿಲ್ಲ, ನಡೆದರೆ ಸಾಕು. ಮಡಿಗಳನ್ನು ಇಳಿಜಾರಿಗೆ ಅಡ್ಡಲಾಗಿ, ಒಂದು ತುದಿಗೆ ಅಲ್ಪ ಇಳಿತ ಕೊಟ್ಟು, ಗೇಣಿಗೂ ಎತ್ತರವಾಗಿ ಏರಿಸಿ. ನಡುವಿನ ಕಾಲುವೆಗಳ ನೀರು ಒಂದು ಮುಖ್ಯ ಬಸಿಗಾಲುವೆಗೆ ಬೀಳಲಿ, ಆ ಬಸಿಗಾಲುವೆಯಲ್ಲಿ ಅಲ್ಲಲ್ಲಿ ಕಲ್ಲಿನ ಅಡ್ಡಗಟ್ಟೆಗಳಿರಲಿ. ನಾಟಿಯಾದ ಕೂಡಲೇ ಎಕರೆಗೆ ನಾಲ್ಕೈದು ಟನ್ ಹಸಿರು ಸೊಪ್ಪು ಮುಚ್ಚುವುದು ಗೆಡ್ಡೆಯ ಇಳುವರಿಗೂ ಮಣ್ಣಿಗೂ ಒಟ್ಟಿಗೆ ಒದಗುವ ಕೆಲಸ. ಆಷಾಢದ ಮಳೆ ಹಿಡಿಯುವ ಹೊತ್ತಿಗೆ ನೆಲ ಕಾಣಬಾರದು. ಕಡಿದಾದ ಗುಡ್ಡದ ಓರೆಯಲ್ಲಿ, ಗುತ್ತಿಗೆಗೆ ಹಿಡಿದ ಜಾಗದಲ್ಲಿ, ಒಂದೇ ವರ್ಷಕ್ಕೆಂದು ಶುಂಠಿ ಹಾಕುವವರಿಗೆ ಈ ಯಾವ ಸಲಹೆಯೂ ರುಚಿಸದು ಎಂಬುದು ನನಗೆ ಗೊತ್ತು. ಅಂಥ ಜಾಗವನ್ನು ಶುಂಠಿಗೆ ಕೊಡದಿರುವ ತೀರ್ಮಾನ ಜಮೀನಿನ ಮಾಲೀಕರ ಕೈಯಲ್ಲಿದೆ.

ಪ್ರಶ್ನೆ: ಮಣ್ಣಿನ ಬದುವಿಗೆ ಬದಲು ಲಾವಂಚ ನೆಟ್ಟರೆ ಆದೀತೇ? ಬೆಳೆಯ ಸಾರ ಎಳೆಯುವುದಿಲ್ಲವೇ?
(ಓದುಗರು, ಮಧುಗಿರಿ ತಾಲ್ಲೂಕು)

ಉತ್ತರ: ಆಗುತ್ತದೆ. ಗುಂಡ್ಲುಪೇಟೆಯ ಕಡೆ ರೈತರು ಹೊಲದ ಗಡಿಗೆ ಲಾವಂಚದ ಸಾಲು ಇಡುವುದು ತಲೆಮಾರುಗಳಿಂದ ನಡೆದುಬಂದ ರೂಢಿ. ವಿಶ್ವಬ್ಯಾಂಕಿನ ತಜ್ಞರು 1980ರ ದಶಕದಲ್ಲಿ ಇದನ್ನು ಲೋಕಕ್ಕೆಲ್ಲ ಹೇಳುವ ಮೊದಲೇ ಅಲ್ಲಿ ಅದು ಇತ್ತು. ಬೇರು ಪಕ್ಕಕ್ಕೆ ಹರಡುವುದಕ್ಕಿಂತ ನೇರ ಕೆಳಗೆ ಇಳಿಯುವುದೇ ಹೆಚ್ಚಾದ್ದರಿಂದ ಬೆಳೆಗೆ ಪೈಪೋಟಿ ಕಡಿಮೆ. ಎರಡನೆಯ ಸಾಲಿನ ರಾಗಿಗೆ ಅದು ಇರುವುದೇ ತಿಳಿಯದು. ಬದುವಿನ ಹಾಗೆ ನೀರನ್ನು ನಿಲ್ಲಿಸದೆ ಸೋಸಿ ಬಿಡುತ್ತದೆ, ಮಣ್ಣನ್ನು ಮಾತ್ರ ಹಿಡಿಯುತ್ತದೆ, ಹಿಡಿದ ಮಣ್ಣಿನಿಂದ ವರ್ಷವರ್ಷಕ್ಕೆ ತಾನೇ ಒಂದು ಮೆಟ್ಟಿಲು ಕಟ್ಟುತ್ತದೆ. ಸಾಲು ಒತ್ತಾಗಲು ಎರಡು ಮೂರು ಮಳೆಗಾಲ ಹಿಡಿಯುವುದರಿಂದ ಈಗಿರುವ ಬದುವನ್ನು ಅಲ್ಲಿಯವರೆಗೆ ಕೀಳಬೇಡಿ, ಅದರ ಮೇಲ್ಮಗ್ಗುಲಿಗೇ ನೆಡಿ. ಬೀಜದಿಂದ ಹಬ್ಬದ ದಕ್ಷಿಣ ಭಾರತದ ತಳಿಯ ಹಿಂಡನ್ನೇ ತಂದು, ಎರಡು ಮೂರು ಕಡ್ಡಿಗಳ ಕಂತೆಯಾಗಿ ಸೀಳಿ, ಗೇಣಿಗಿಂತ ಹತ್ತಿರವಾಗಿ ನೆಡಬೇಕು. ನಡುವೆ ಸತ್ತ ಕಂತೆಗಳ ಜಾಗವನ್ನು ಮರುವರ್ಷ ತುಂಬದಿದ್ದರೆ ನೀರೆಲ್ಲ ಆ ಸಂದಿಗೇ ನುಗ್ಗುತ್ತದೆ.